ಬೆಟ್ಟದ ಕಡೆಯವರ ಚಹಾ

ಮುಖ ಕಿವುಚಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟಕ್ಕೇ ಬಾಡಿಗೆ ಮನೆ ಕೈತಪ್ಪಿತು ಎಂದರೆ ಯಾರು ನಂಬುತ್ತಾರೆ? ಆದರೆ ಕನ್ನಡಕದವನ ವಿಷಯದಲ್ಲಿ ನಡೆದದ್ದು ಅಷ್ಟೇ. ಅವನು ಯಾರನ್ನೂ ಬೈದಿರಲಿಲ್ಲ, ಬಾಡಿಗೆಯಲ್ಲಿ ಚೌಕಾಸಿ ಮಾಡಿರಲಿಲ್ಲ, ಗೋಡೆಗೆ ಮೊಳೆ ಹೊಡೆಯಬಹುದೇ ಎಂದು ಕೂಡ ಕೇಳಿರಲಿಲ್ಲ. ಮುಂದಿಟ್ಟ ಚಹಾವನ್ನು ಒಂದು ಗುಟುಕು ಕುಡಿದ, ಮುಖ ಒಂಚೂರು ಹುಳ್ಳಗೆ ಮಾಡಿದ, ಕತೆ ಮುಗಿಯಿತು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವನ ಕೆಲಸ. ಸಾಧು ಪ್ರಾಣಿ. ಆದರೆ ಅವನಿಗೆ ಒಂದು ಕಾಯಿಲೆಯಿತ್ತು. ಬಾಯಿ ಸುಳ್ಳು ಹೇಳಲು ಹೊರಟರೂ ಮುಖ ಒಪ್ಪುತ್ತಿರಲಿಲ್ಲ. ಅಂಗಡಿಗೆ ಬಂದ ಗಿರಾಕಿ ಹೊಸ ಚೌಕಟ್ಟು ಏರಿಸಿ ಕನ್ನಡಿಯ ಮುಂದೆ ನಿಂತು, "ಹೇಗೆ ಕಾಣ್ತೀನಿ?" ಎನ್ನುವ ಹೊತ್ತಿಗೆ ಮಾಲೀಕ ಇವನನ್ನು ಏನಾದರೊಂದು ನೆಪ ಹೇಳಿ ಒಳಗೆ ಕಳಿಸಿಬಿಡುತ್ತಿದ್ದ. ಇವನ ಮುಖ ನೋಡಿ ವ್ಯಾಪಾರ ಕೆಟ್ಟದ್ದು ಒಂದು ಸಲವಲ್ಲ.

ಅವತ್ತು ಅವನಿಗೆ ಮನೆ ಬೇಕೇ ಬೇಕಿತ್ತು. ಹಳೇ ಮನೆಯ ಮಾಲೀಕ ಮಗಳ ಸಂಸಾರ ಬರುತ್ತದೆಂದು ಬೆಳಿಗ್ಗೆಯೇ ಸುಣ್ಣ ಬಳಿಯುವವರನ್ನು ಕರೆಸಿದ್ದ. ಅವರು ಅಡುಗೆಮನೆಯಿಂದಲೇ ಶುರು ಹಚ್ಚಿಕೊಂಡಿದ್ದರಿಂದ ಇವನ ಅಮ್ಮನಿಗೆ ಬೆಳಗಿನ ಚಹಾ ಕೂಡ ಆಗಿರಲಿಲ್ಲ. ಮಂಚ, ಟ್ರಂಕು, ಪಾತ್ರೆಯ ಮೂಟೆ, ಹಾಸಿಗೆ ಸುರುಳಿ ಎಲ್ಲ ಬಾಡಿಗೆ ಟೆಂಪೋ ಏರಿದ್ದವು, ಅವುಗಳ ನಡುವೆ ಬೆತ್ತದ ಕುರ್ಚಿ ಹಾಕಿಕೊಂಡು ಅಮ್ಮ ಛತ್ರಿ ಬಿಡಿಸಿ ಕೂತಿದ್ದಳು. ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದ್ದರು.

ಹೊಸ ಮನೆಯೇನೋ ನಿಶ್ಚಯವಾಗಿತ್ತು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರೊಬ್ಬರ ಕಟ್ಟಡ ಅದು. ಬೀದಿಯವರೆಲ್ಲ ಅವರನ್ನು ಗಾರ್ಡ್ ಸಾಹೇಬರೆಂದೂ ಅವರ ಹೆಂಡತಿಯನ್ನು ಗಾರ್ಡಮ್ಮ ಎಂದೂ ಕರೆಯುತ್ತಿದ್ದರು. ಕೆಳಗೆ ಒಬ್ಬ ಟೈಲರ್, ಮಹಡಿಯ ಒಂದು ಭಾಗದಲ್ಲಿ ಒಬ್ಬ ಟೀಚರಮ್ಮ, ಇನ್ನೊಂದು ಭಾಗ ಖಾಲಿ. ಗಾರ್ಡ್ ಸಾಹೇಬರಿಗೆ ಇದ್ದದ್ದು ಒಂದೇ ಹಟ: ಬಾಡಿಗೆಗೆ ಬರುವವರು ಬೆಟ್ಟದ ಕಡೆಯವರೇ ಆಗಿರಬೇಕು, ಬಯಲಿನ ಕಡೆಯವರಿಗೆ ಗೇಟಿನಿಂದಲೇ ನಮಸ್ಕಾರ. ಬೆಟ್ಟದವರು ಮಾತಿಗೆ ತಪ್ಪುವವರಲ್ಲ, ಬಯಲಿನವರನ್ನು ನಂಬುವ ಹಾಗಿಲ್ಲ ಎಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಕನ್ನಡಕದವನು ಹುಟ್ಟಿದ್ದು, ಓದಿದ್ದು, ಮೊದಲ ಹಲ್ಲು ಬಿದ್ದದ್ದು ಎಲ್ಲ ಬೆಟ್ಟದ ಕಡೆಯೇ. ಹಾಗೆಂದು ಅವನು ಹೇಳಿದ ತಕ್ಷಣ, "ಭಾನುವಾರ ಸಾಮಾನು ತಂದುಬಿಡಿ. ಒಂದು ಕಪ್ ಟೀ ಕುಡಿದು ಬೀಗದ ಕೈ ತಗೊಳ್ಳಿ," ಎಂದಿದ್ದರು ಸಾಹೇಬರು. ಪಾಪ, ಆ ಮಾತಿನಲ್ಲಿ ಟೀಗೆ ಅಷ್ಟು ತೂಕವಿದೆಯೆಂದು ಇವನಿಗೆ ಹೇಗೆ ಗೊತ್ತಾಗಬೇಕು?

ಟೆಂಪೋ ಗೇಟಿನ ಹೊರಗೆ ನಿಲ್ಲಿಸಿ, "ಐದು ನಿಮಿಷ ಅಮ್ಮಾ, ಬೀಗದ ಕೈ ತಗೊಂಡು ಬಂದೆ," ಎಂದು ಅವನು ಒಳಗೆ ಹೋದ. ನಡುಮನೆಯಲ್ಲಿ ಎಲ್ಲರೂ ಕಾದು ಕೂತಿದ್ದರು. ಗಾರ್ಡ್ ಸಾಹೇಬರು ಮೀಸೆ ತೀಡಿ ಇಸ್ತ್ರಿ ಅಂಗಿ ತೊಟ್ಟಿದ್ದರು. ಟೈಲರ್ ಬಲು ಚೆಂದದ ರೇಷ್ಮೆ ಅಂಗಿಯಲ್ಲಿದ್ದ. ಅದು ಸಂಜೆ ಗಿರಾಕಿಗೆ ಕೊಡಬೇಕಾದ ಅಂಗಿ, ಮೈಗೆ ಹೇಗೆ ಕೂರುತ್ತದೆ ನೋಡೋಣವೆಂದು ಹಾಕಿಕೊಂಡಿದ್ದ. ಟೀಚರಮ್ಮ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು, ತಡವಾಗಿ ಬಂದ ವಿದ್ಯಾರ್ಥಿಯನ್ನು ನೋಡುವಂತೆ. ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಹಬೆಯಾಡುವ ಕಪ್ಪುಗಳು, ಪಕ್ಕದಲ್ಲಿ ಕೆಂಪು ದಾರ ಕಟ್ಟಿದ ಬೀಗದ ಕೈ.

"ಇದು ನಮ್ಮ ಮನೆಯ ಪದ್ಧತಿ," ಎಂದರು ಸಾಹೇಬರು. "ಹೊಸಬರು ಬಂದಾಗ ನಮ್ಮ ಕಡೆಯವರೆಲ್ಲ ಒಟ್ಟಿಗೆ ಕೂತು ನಮ್ಮ ಬೆಟ್ಟದ ಟೀ ಕುಡೀತೀವಿ. ಆಮೇಲೆ ಬೀಗದ ಕೈ."

"ಈ ಊರಲ್ಲಿ ಟೀ ಅಂತ ಏನೋ ಕೊಡ್ತಾರಲ್ಲ," ಟೀಚರಮ್ಮ ಮೂಗು ಮುರಿದರು. "ಪಾತ್ರೆ ತೊಳೆದ ನೀರು. ನಮ್ಮ ಕಡೆಯವರ ಟೀ ಅಂದ್ರೆ ಅದು ಟೀ."

"ಬಯಲಿನವರಿಗೆ ಏನು ಗೊತ್ತು ಟೀಚರಮ್ಮಾ," ಎಂದ ಟೈಲರ್. "ಅವರ ನಾಲಿಗೇನೇ ಸಪ್ಪೆ."

ಎಲ್ಲರೂ ಕಪ್ಪು ಎತ್ತಿದರು. ಕನ್ನಡಕದವನೂ ಎತ್ತಿದ. ಬೆಳಗಿನಿಂದ ಗಂಟಲು ಒಣಗಿತ್ತು, ಊರಿನ ಚಹಾ ಬೇರೆ, ಆಸೆಯಿಂದ ದೊಡ್ಡ ಗುಟುಕನ್ನೇ ಎಳೆದ. ಮೊದಲು ಕಾಳುಮೆಣಸು ಹೋಗಿ ಗಂಟಲು ಹಿಡಿಯಿತು. ಹಿಂದೆಯೇ ಉಪ್ಪು ಬಂತು. ಅದನ್ನು ನುಂಗಬೇಕೆನ್ನುವಷ್ಟರಲ್ಲಿ ಮೇಲೆ ತೇಲುತ್ತಿದ್ದ ಬೆಣ್ಣೆ ತುಟಿಗೆ ಅಂಟಿತು. ಎಲ್ಲ ಮುಗಿದ ಮೇಲೆ, ಊಟ ಆದ ಮೇಲೆ ಬಂದ ನೆಂಟನ ಹಾಗೆ, ಬೆಲ್ಲ ಬಂತು. ಚಹಾಪುಡಿ ಎಲ್ಲೋ ತಳದಲ್ಲಿ ಕಹಿಯಾಗಿ ಕೂತಿತ್ತು. ಇವನ ಮುಖ ಏನಾಯಿತೋ ಇವನಿಗೆ ಕಾಣಲಿಲ್ಲ. ಎದುರಿಗಿದ್ದವರಿಗೆ ಚೆನ್ನಾಗಿ ಕಂಡಿತು.

"ಯಾಕೆ, ಬೆಲ್ಲ ಕಮ್ಮಿ ಆಯ್ತಾ?" ಎಂದರು ಗಾರ್ಡಮ್ಮ.

"ಇಲ್ಲ ಅಮ್ಮಾವ್ರೆ, ಬೆಲ್ಲ ಸರಿಯಾಗಿದೆ. ಇದು... ಏನು ಟೀ ಅಂತ..."

ಟೈಲರ್ ಕಪ್ಪನ್ನು ಮೆಲ್ಲಗೆ ತಟ್ಟೆಗಿಟ್ಟ. ಸಾಹೇಬರ ಮೀಸೆ ಹಾಗೇ ನಿಂತಿತು.

"ಏನು ಟೀ ಅಂತ ಕೇಳ್ತಿದ್ದಾರೆ," ಟೀಚರಮ್ಮ ಒಂದೊಂದೇ ಪದ ಬಿಡಿಸಿ ಹೇಳಿದರು. "ಬೆಟ್ಟದ ಕಡೆಯವರಂತೆ. ಬೆಟ್ಟದ ಟೀ ಕುಡಿದು ಏನು ಟೀ ಅಂತ ಕೇಳ್ತಿದ್ದಾರೆ."

ಸಾಹೇಬರು ಕೈ ಚಾಚಿ ಬೀಗದ ಕೈಯನ್ನು ಮೇಜಿನಿಂದ ತೆಗೆದು ತಮ್ಮ ಮೊಣಕಾಲ ಬಳಿ ಇಟ್ಟುಕೊಂಡರು. ಕನ್ನಡಕದವನು ಬಾಗಿಲ ಕಡೆ ನೋಡಿದ. ಹೊರಗೆ ಟೆಂಪೋ, ಟೆಂಪೋದಲ್ಲಿ ಅಮ್ಮ, ಹಿಂದಿನ ಮನೆಯಲ್ಲಿ ಸುಣ್ಣ. ಅವನು ಬಾಯಿಗೆ ಬಂದದ್ದು ಹೇಳಿದ.

"ಹಾಗಲ್ಲ ಸಾರ್. ಊರು ಬಿಟ್ಟು ತುಂಬಾ ದಿನ ಆಯ್ತಲ್ಲ, ನಾಲಿಗೆಗೆ ಮರೆತುಹೋಗಿದೆ. ಇನ್ನೊಂದು ಗುಟುಕು ಕುಡಿದ್ರೆ ಎಲ್ಲ ನೆನಪಾಗುತ್ತೆ."

"ಕುಡೀರಿ," ಎಂದರು ಸಾಹೇಬರು.

ಈ ಸಲ ಅವನು ತಯಾರಾಗಿ ಹೊರಟ. ಮೊದಲೇ ಮುಖದ ಮೇಲೆ ನಗು ತಂದು, ಅದು ಅಲ್ಲಾಡದ ಹಾಗೆ ಹಲ್ಲು ಕಚ್ಚಿ, ಹಲ್ಲಿನ ಸಂದಿಯಿಂದ ಚಹಾ ಎಳೆದುಕೊಂಡ. ಹಲ್ಲು ಕೀಳಿಸಿಕೊಳ್ಳುವವನೂ ಅದಕ್ಕಿಂತ ಚೆನ್ನಾಗಿ ನಗುತ್ತಾನೆ. "ಆಹಾ, ನಮ್ಮೂರು ಕಣ್ಣಮುಂದೆ ಬಂದಹಾಗಾಯ್ತು," ಎನ್ನಲು ಬಾಯಿ ತೆರೆದ. ಕಣ್ಣಮುಂದೆ ಬಂದದ್ದು ಊರಲ್ಲ, ನೀರು. ಮೆಣಸು ನೆತ್ತಿಗೇರಿತು. ಒಂದು ಕೆಮ್ಮು ಬಂತು, ತಡೆದ. ಎರಡನೆಯದು ತಡೆಯಲಾಗಲಿಲ್ಲ. ಬೆಣ್ಣೆ, ಬೆಲ್ಲ, ಉಪ್ಪು, ಎಲ್ಲ ಸೇರಿ ಎದುರಿಗಿದ್ದ ರೇಷ್ಮೆ ಅಂಗಿಯ ಎದೆಯ ಮೇಲೆ ಹರಡಿತು.

ಟೈಲರ್ ಎದ್ದು ನಿಂತ. ಅಂಗಿ ನೋಡಿಕೊಂಡ, ಇವನನ್ನು ನೋಡಿದ. "ಇದು ನನ್ನದಲ್ಲ," ಎಂದ ಅಳುವ ಧ್ವನಿಯಲ್ಲಿ.

"ನಿಮ್ಮದಲ್ಲದ್ದನ್ನ ಯಾಕ್ರೀ ಹಾಕ್ಕೊಂಡಿದ್ದೀರಿ?" ಎಂದರು ಟೀಚರಮ್ಮ.

ಉತ್ತರ ಕೊಡುವ ಕಷ್ಟದಿಂದ ಟೈಲರನನ್ನು ಪಾರು ಮಾಡಿದ್ದು ಟೆಂಪೋದವನು. ಹೊರಗೆ ಹಾರ್ನ್ ಬಾರಿಸಿ ಬಾರಿಸಿ ಬೇಸತ್ತು ಅವನು ಒಳಗೇ ಬಂದುಬಿಟ್ಟಿದ್ದ. "ಸಾರ್, ಸಾಮಾನು ಇಳಿಸ್ಲಾ, ಬೇಡ್ವಾ? ಅಜ್ಜಿ ಬಿಸಿಲಲ್ಲಿ ಕೂತಿದ್ದಾರೆ."

"ಸ್ವಲ್ಪ ತಡಿ ಮಾರಾಯ," ಎಂದ ಕನ್ನಡಕದವನು ಕಣ್ಣೊರೆಸಿಕೊಳ್ಳುತ್ತ.

ಗಾರ್ಡಮ್ಮನಿಗೆ ಮಾಡಿದ್ದು ಹಾಳಾಗುವುದು ಇಷ್ಟವಿಲ್ಲ. ಪಾತ್ರೆಯಲ್ಲಿ ಉಳಿದಿದ್ದನ್ನು ಒಂದು ಲೋಟಕ್ಕೆ ಬಗ್ಗಿಸಿ ಟೆಂಪೋದವನ ಕೈಗೆ ಕೊಟ್ಟರು. ಅವನು ನಿಂತಲ್ಲೇ ಒಂದೇ ಉಸಿರಿಗೆ ಏರಿಸಿ, ತೋಳಿನಿಂದ ಬಾಯಿ ಒರೆಸಿ, "ಇನ್ನೊಂದು ಚೂರು ಇದೆಯಾ ಅಕ್ಕಾ?" ಎಂದ. ಅವನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿರಲಿಲ್ಲ.

ಕನ್ನಡಕದವನು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಟೀಚರಮ್ಮ ಪರೀಕ್ಷೆ ಶುರು ಮಾಡಿದ್ದರು. ಬೆಟ್ಟದ ಕಡೆಯವರು ಕಪ್ಪನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ, ಇವರು ಒಂದು ಕೈಯಲ್ಲಿ ಹಿಡಿದರು. ಬೆಟ್ಟದ ಕಡೆಯವರು ಸದ್ದು ಮಾಡಿ ಕುಡಿಯುತ್ತಾರೆ, ಇವರು ಬೆಕ್ಕಿನ ಹಾಗೆ ಕುಡಿದರು. ಬೆಟ್ಟದ ಕಡೆಯವರು ಕುಡಿದ ಮೇಲೆ ತುಟಿಯ ಬೆಣ್ಣೆ ಒರೆಸುವುದಿಲ್ಲ, ಇವರು ಕರವಸ್ತ್ರ ತೆಗೆದರು. ಹುಟ್ಟಿದ ಕಡೆಯ ಬಗ್ಗೆ ತನಗೇ ಗೊತ್ತಿರದ ಇಷ್ಟು ಸಂಗತಿ ಕೇಳಿ ಕನ್ನಡಕದವನಿಗೆ, ತಾನು ನಿಜವಾಗಿ ಎಲ್ಲಿ ಹುಟ್ಟಿದೆನೋ ಎಂಬ ಅನುಮಾನವೇ ಬಂತು.

"ಸಾಹೇಬ್ರೆ, ನನ್ನ ಮಾತು ಬೇಡ," ಎಂದ ಕೊನೆಗೆ. "ನಮ್ಮಮ್ಮ ಹೊರಗಿದ್ದಾರೆ. ಆಯಸ್ಸೆಲ್ಲ ಬೆಟ್ಟದ ಮೇಲೆ ಕಳೆದವರು. ಅವರನ್ನ ಕರೆದುಕೊಂಡು ಬರ್ತೀನಿ. ಅವರೇ ಹೇಳ್ಲಿ."

ಸಾಹೇಬರ ಮುಖದಲ್ಲಿ ಏನೋ ಹಾದು ಹೋಯಿತು. "ಅಮ್ಮ ಇದ್ದಾರಾ?" ಎಂದರು. "ಅಮ್ಮನ ವಿಷಯ ನೀವು ಹೇಳಿರ್ಲಿಲ್ಲ."

"ಹೇಳಿದ್ದೆ ಸಾರ್. ಅಮ್ಮ, ನಾನು ಇಬ್ರೇ ಅಂತ."

"ಬೆಟ್ಟದ ಅಮ್ಮ ಅಂತ ಹೇಳಿರ್ಲಿಲ್ಲ."

ಬೆಟ್ಟದ ಮಗನಿಗೆ ಇನ್ನೆಲ್ಲಿಯ ಅಮ್ಮ ಇರುತ್ತಾಳೆ ಎಂದು ಕೇಳಬೇಕೆನಿಸಿತು. ಕೇಳುವ ಕಾಲವಲ್ಲ. ಅವನು ಹೊರಗೆ ಓಡಿದ, ಟೆಂಪೋದವನು ಹಿಂದೆ ಬಂದ.

"ಏನು ಸಾರ್ ಗಲಾಟೆ? ಟೀಗೆ ಇಷ್ಟೊಂದಾ?" ಎಂದ ಟೆಂಪೋದವನು, ಹಿಂಬದಿಯ ಹಲಗೆ ಇಳಿಸುತ್ತ.

"ಅದನ್ನ ಹೇಗೆ ಕುಡಿದೆಯಪ್ಪಾ ನೀನು?"

"ನಾವು ಬಯಲಿನವರು ಸಾರ್. ಬಿಸಿಯಾಗಿದ್ರೆ ಸಾಕು, ಗಂಟಲಲ್ಲಿ ಇಳಿದುಬಿಡುತ್ತೆ."

ಅಮ್ಮನನ್ನು ಇಬ್ಬರೂ ಸೇರಿ ಕೆಳಗಿಳಿಸಿದರು. ಗೇಟಿನಿಂದ ಬಾಗಿಲವರೆಗೆ ಕನ್ನಡಕದವನು ಅವಳ ಕಿವಿಯಲ್ಲಿ ಹೇಳಿದ್ದೇ ಹೇಳಿದ. "ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ. ಒಳಗೆ ಏನೋ ಒಂದು ಕೊಡ್ತಾರೆ. ಏನು ಕೊಟ್ಟರೂ ಕುಡಿದು ಚೆನ್ನಾಗಿದೆ ಅನ್ನು. ಇಲ್ಲಾಂದ್ರೆ ರಾತ್ರಿ ಮಲಗೋಕೆ ಜಾಗ ಇಲ್ಲ."

"ಅದಕ್ಕೇನು ಮಗಾ," ಎಂದಳು ಅಮ್ಮ. "ಬೆಳಿಗ್ಗೆಯಿಂದ ಬಾಯಿ ಒಣಗಿ ಹೋಗಿದೆ. ಬಿಸಿನೀರು ಕೊಟ್ಟರೂ ಚೆನ್ನಾಗಿದೆ ಅಂತೀನಿ."

ಗಾರ್ಡಮ್ಮ ಹೊಸದಾಗಿ ಒಂದು ಕಪ್ಪು ತಂದಿದ್ದರು. ಮೇಲೆ ಬೆಣ್ಣೆ ಎಂದಿಗಿಂತ ಹೆಚ್ಚೇ ತೇಲುತ್ತಿತ್ತು. ಅಮ್ಮ ಕೂತಳು, ಎಲ್ಲರನ್ನೂ ನೋಡಿ ಹಲ್ಲಿಲ್ಲದ ನಗು ನಕ್ಕಳು, ಒಂದು ಗುಟುಕು ಕುಡಿದಳು. ಮಗ ಕಣ್ಣು ಮುಚ್ಚಿಕೊಂಡ.

"ಚೆನ್ನಾಗಿದೆ," ಎಂದಳು ಅಮ್ಮ.

ಮಗನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಮ್ಮ ಗಾರ್ಡಮ್ಮನ ಕಡೆ ತಿರುಗಿ ಬಲು ಕರುಣೆಯಿಂದ ಕೇಳಿದಳು: "ಮನೇಲಿ ಯಾರಿಗೆ ಕೆಮ್ಮು ತಾಯಿ?"

"ಯಾರಿಗೂ ಇಲ್ಲ," ಎಂದರು ಗಾರ್ಡಮ್ಮ.

"ಮತ್ತೆ ಈ ಕಷಾಯ ಯಾರಿಗೆ?"

"ಕಷಾಯ ಅಲ್ಲಮ್ಮ," ಟೀಚರಮ್ಮನ ಧ್ವನಿ ಏರಿತು. "ಇದು ಟೀ. ಬೆಟ್ಟದ ಕಡೆ ಟೀ. ನಾವೆಲ್ಲ ಬೆಟ್ಟದವರೇ."

ಅಮ್ಮನ ಮುಖ ಅರಳಿತು. ಆಗಬೇಕಾದ ಅನಾಹುತ ಆದದ್ದೇ ಅಲ್ಲಿ. ಇಷ್ಟು ವರ್ಷ ಈ ಊರಲ್ಲಿ ತನ್ನ ಕಡೆಯವರ ಮುಖ ಕಾಣದೆ ಬೇಸತ್ತಿದ್ದ ಮುದುಕಿ ಅವಳು. ಮನೆ, ಬೀಗದ ಕೈ, ಮಗನ ಗೋಳು, ಎಲ್ಲ ಮರೆತು ಕುರ್ಚಿಯನ್ನು ಟೀಚರಮ್ಮನ ಹತ್ತಿರಕ್ಕೆ ಎಳೆದುಕೊಂಡಳು. "ಹೌದಾ ತಾಯಿ? ನೀನು ಬೆಟ್ಟದವಳಾ? ಯಾವ ಮಗ್ಗುಲಿನವಳು? ಸೂರ್ಯ ಹುಟ್ಟೋ ಮಗ್ಗುಲಾ, ಮುಳುಗೋ ಮಗ್ಗುಲಾ?"

ಟೀಚರಮ್ಮ ಒಂದು ಕ್ಷಣ ತಡೆದರು. "ಮಧ್ಯದಲ್ಲಿ," ಎಂದರು.

"ಮಧ್ಯದಲ್ಲಿ ಬರೀ ಬಂಡೆ ಅಲ್ವಾ ತಾಯಿ? ಅಲ್ಲಿ ಮೇಕೆಗಳೂ ನಿಲ್ಲಲ್ಲ."

"ನಾನು ಚಿಕ್ಕವಳಿದ್ದಾಗಲೇ ಬಿಟ್ಟುಬಂದದ್ದು," ಎಂದು ಟೀಚರಮ್ಮ ಕೈಗಡಿಯಾರ ನೋಡಿಕೊಂಡರು. "ಅಯ್ಯೋ, ಉತ್ತರಪತ್ರಿಕೆ ತಿದ್ದೋದಿದೆ." ಮರುಕ್ಷಣ ಅವರು ಮಹಡಿಯ ಮೆಟ್ಟಿಲ ಮೇಲಿದ್ದರು. ಹತ್ತಿ ಇಳಿಯುವಾಗ ಓಡಬೇಡಿ ಎಂದು ಮಕ್ಕಳನ್ನು ಬೈಯುವವರು ಎರಡೆರಡು ಮೆಟ್ಟಿಲು ಹಾರಿ ಹೋದರು.

ಅಮ್ಮ ಟೈಲರನ ಕಡೆ ತಿರುಗಿದಳು. "ನೀನಪ್ಪಾ?"

"ನಾನು ಸೂರ್ಯ ಹುಟ್ಟೋ ಕಡೆ ಅಮ್ಮಾ," ಎಂದ ಟೈಲರ್. ಟೀಚರಮ್ಮನ ಗತಿ ನೋಡಿ ಅವನು ಬುದ್ಧಿ ಕಲಿತಿದ್ದ.

"ನಮ್ಮದೂ ಆ ಕಡೇನೇ. ಹಾಗಾದ್ರೆ ಇನ್ನೇನು, ನೀನು ನಮ್ಮವನೇ. ನೀರಿಗೆ ಎಲ್ಲಿಗೆ ಹೋಗ್ತಿದ್ರಿ ಮಗಾ?"

"ಬಾವಿಗೇ ಹೋಗ್ತಿದ್ವಿ."

"ಆ ಕಡೆ ಬಾವಿ ಇಲ್ಲವಲ್ಲೋ. ಎಷ್ಟು ಅಗೆದ್ರೂ ಕಲ್ಲು. ನೀರು ಊರ ಮೇಲಿಂದ ಝರಿಯಾಗಿ ಇಳಿದು ಮನೆ ಬಾಗಿಲಿಗೇ ಬರುತ್ತೆ. ನೀನು ಯಾವ ಬಾವಿಗೆ ಹೋಗ್ತಿದ್ದೆಯೋ ಏನೋ. ಅದಿರಲಿ, ಈ ಟೀಗೆ ಉಪ್ಪು ಹಾಕೋದು ನಿನಗೆ ಯಾರು ಹೇಳಿಕೊಟ್ಟರು?"

ಟೈಲರನ ಕೈ ಎದೆಯ ಮೇಲಿನ ಕಲೆಗೆ ಹೋಯಿತು. "ಇಸ್ತ್ರಿ ಪೆಟ್ಟಿಗೆ ಬಿಸಿ ಇಟ್ಟು ಬಂದಿದ್ದೀನಿ," ಎಂದು ಅವನೂ ಹೊರಟ. ಕಲೆ ಹೋಗುವವರೆಗೂ ಅವನು ಹೊರಗೆ ಮುಖ ತೋರಿಸುವುದಿಲ್ಲವೆಂಬುದು ಅವನ ನಡಿಗೆಯಲ್ಲೇ ಕಾಣುತ್ತಿತ್ತು.

"ಪಾಪ, ಯಾರಿಗೂ ಊರು ನೆನಪಿಲ್ಲ," ಎಂದಳು ಅಮ್ಮ. ಅವಳಿಗೆ ನಿಜಕ್ಕೂ ಕನಿಕರವಾಗಿತ್ತು. "ಏಳು ತಾಯಿ, ನಾನು ಮಾಡಿ ತೋರಿಸ್ತೀನಿ ನಮ್ಮ ಕಡೆ ಟೀ ಅಂದ್ರೆ ಏನು ಅಂತ."

ಗಾರ್ಡಮ್ಮ ಬೇಡ ಎನ್ನುವ ಮೊದಲೇ ಅವಳು ಅಡುಗೆಮನೆಯಲ್ಲಿದ್ದಳು. ನೀರು ಕುದಿಸಿ, ಒಲೆ ಆರಿಸಿ, ಚಿಟಿಕೆ ಪುಡಿ ಉದುರಿಸಿ, ತಟ್ಟೆ ಮುಚ್ಚಿಟ್ಟು, ಬಣ್ಣ ಬಿಡುವವರೆಗೆ ಕಾದು ಸೋಸಿದಳು. ಹಾಲಿಲ್ಲ, ಬೆಣ್ಣೆಯಿಲ್ಲ, ತಳದಲ್ಲಿ ಎಷ್ಟು ಬೇಕೋ ಅಷ್ಟೇ ಸಕ್ಕರೆ. ಕಪ್ಪಿನ ತಳ ಕಾಣುವಷ್ಟು ತಿಳಿಯಾದ ಕೆಂಪು ಚಹಾ. ಅದನ್ನು ತಂದು ಸಾಹೇಬರ ಮುಂದೆ ಹಿಡಿದಳು.

ಸಾಹೇಬರು ಅನುಮಾನದಿಂದಲೇ ಒಂದು ಗುಟುಕು ಕುಡಿದರು. ಆಮೇಲೆ ಇನ್ನೊಂದು. ಅವರ ಹುಬ್ಬಿನ ಗಂಟು ಸಡಿಲವಾಯಿತು, ಭುಜ ಇಳಿಯಿತು, ಮುಖದಲ್ಲಿ ಕೆಲಸ ಮುಗಿಸಿ ಬೂಟು ಬಿಚ್ಚಿದವನ ಸುಖ ಕಾಣಿಸಿತು. ಕೊನೆಯ ಹನಿಯನ್ನೂ ಹೀರಿ, ಮೀಸೆ ಒರೆಸಿ, ಕಪ್ಪು ಕೆಳಗಿಟ್ಟರು.

"ಇದು ಬೆಟ್ಟದ ಟೀ ಅಲ್ಲ," ಎಂದರು.

ಕನ್ನಡಕದವನು ಅಲ್ಲಿಯವರೆಗೆ ಹಿಡಿದಿಟ್ಟುಕೊಂಡ ಸಹನೆ ಕಳಚಿಬಿತ್ತು. "ಸಾರ್, ನೀವು ದೊಡ್ಡವರು, ಆದ್ರೂ ಹೇಳ್ತೀನಿ. ಅನ್ಯಾಯ ಇದು. ಅವರಿಬ್ಬರಿಗೆ ಬೆಟ್ಟ ಯಾವ ದಿಕ್ಕಲ್ಲಿದೆ ಅಂತ ಕೂಡ ಗೊತ್ತಿಲ್ಲ. ಈ ಮನೇಲಿ ಬೆಟ್ಟದವರು ಅಂತ ಯಾರಾದ್ರೂ ಇದ್ರೆ ನಾನು, ನಮ್ಮಮ್ಮ. ನಮಗೇ ಮನೆ ಇಲ್ಲವಾ?"

ಸಾಹೇಬರು ಎದ್ದು ಅವನ ತೋಳು ಹಿಡಿದು ಹೊರಗಿನ ಜಗಲಿಗೆ ಕರೆದುಕೊಂಡು ಹೋದರು. ಬಾಗಿಲು ಮುಂದಕ್ಕೆ ಎಳೆದರು. ಧ್ವನಿ ತಗ್ಗಿಸಿದರು.

"ನೀವು ಬೆಟ್ಟದವರು ಅಂತ ನನಗೆ ನಿಮ್ಮ ಮೊದಲ ಗುಟುಕಿಗೇ ಗೊತ್ತಾಯ್ತು," ಎಂದರು. "ಅದಕ್ಕೇ ಮನೆ ಕೊಡೋಕಾಗಲ್ಲ."

ಕನ್ನಡಕದವನು ಬಾಯಿ ತೆರೆದುಕೊಂಡು ನಿಂತ.

"ನೋಡಿ, ನಿಮ್ಮ ಹತ್ರ ಮುಚ್ಚುಮರೆ ಯಾಕೆ. ಈ ಕಟ್ಟಡ ನನಗೆ ಮಾರಿದ ಯಜಮಾನರು ಬೆಟ್ಟದವರು. ಬೆಟ್ಟದವರಿಗೆ ಮಾತ್ರ ಮಾರೋದು ಅಂತ ಕೂತಿದ್ರು. ನಾನು ಬಯಲಿನವನು. ಬೆಟ್ಟದವನೇ ಅಂದೆ, ತಗೊಂಡೆ. ಬೀದಿಯವರು ಬೆಟ್ಟದ ಟೀ ಹೇಗಿರುತ್ತೆ ಅಂತ ಕೇಳೋಕೆ ಶುರು ಮಾಡಿದ್ರು. ಬೆಟ್ಟ ಅಂದ್ರೆ ಚಳಿ, ಚಳಿ ಅಂದ್ರೆ ಮೆಣಸು ಅಂತ ನಮ್ಮ ಮನೆಯವಳು ಮೆಣಸು, ಬೆಲ್ಲ ಹಾಕಿದ್ಲು. ಅಷ್ಟೇ ಇತ್ತು. ಆಮೇಲೆ ಟೈಲರ್ ಬಂದ. ಅವನೂ ಬಯಲಿನವನೇ. ತಾನು ನಮಗಿಂತ ಅಸಲಿ ಅಂತ ತೋರಿಸಬೇಕಲ್ಲ. 'ಉಪ್ಪು ಹಾಕಲ್ವಾ? ನಮ್ಮೂರಲ್ಲಿ ಹಾಕ್ತಾರೆ,' ಅಂದ. ನಾವು ಇಲ್ಲ ಅನ್ನೋಕಾಗುತ್ತಾ? ಹೌದು, ಮರೆತಿದ್ವಿ ಅಂದ್ವಿ. ಟೀಚರಮ್ಮ ಬಂದ್ರು. ಅವರು ಬೆಣ್ಣೆ ಅಂದ್ರು. ನನಗೆ ಅದನ್ನ ಕುಡಿದು ಕುಡಿದು ಹೊಟ್ಟೆ ಹುಣ್ಣಾಗಿದೆ."

"ಹಾಗಾದ್ರೆ ನಿಲ್ಲಿಸಬಾರದಾ ಸಾರ್?"

"ಮೊದಲು ನಿಲ್ಲಿಸಿದವನು ಬೆಟ್ಟದವನಲ್ಲ ಅಂತ ಆಗುತ್ತಲ್ಲ," ಎಂದರು ಸಾಹೇಬರು ದುಃಖದಿಂದ. "ಅವರು ಬಯಲಿನವರು ಅಂತ ನನಗೆ ಗೊತ್ತು, ನಾನು ಬಯಲಿನವನು ಅಂತ ಅವರಿಗೆ ಗೊತ್ತು. ಯಾರೂ ಬಾಯಿ ಬಿಡಲ್ಲ. ಎಲ್ಲರೂ ಸೇರಿ ಬಯಲಿನವರನ್ನ ಬೈಕೊಂಡು ಸುಖವಾಗಿದ್ದೀವಿ. ನೀವೂ ಹಾಗೇ ಯಾರೋ ಬಯಲಿನವರು ಅಂದ್ಕೊಂಡು ಮನೆ ಕೊಡ್ತೀನಿ ಅಂದೆ. ನೀವು ನೋಡಿದ್ರೆ ನಿಜವಾಗಿ ಬೆಟ್ಟದವರು. ನೀವು ಬಂದು ಕೂತ್ರೆ ನಮ್ಮೆಲ್ಲರ ಮಾನ ಏನಾಗಬೇಕು?"

"ನಾನು ಯಾರಿಗೂ ಹೇಳಲ್ಲ ಸಾರ್. ಆಣೆ ಮಾಡ್ತೀನಿ. ಆ ಟೀ ದಿನಾ ಕುಡೀತೀನಿ."

"ನೀವು ಹೇಳಲ್ಲ ಕಣ್ರೀ. ನಿಮ್ಮ ಮುಖ ಹೇಳುತ್ತೆ. ಮುಖ ಹೇಳದಿದ್ರೆ ನಿಮ್ಮಮ್ಮ ಹೇಳ್ತಾರೆ. ಅವರು ಇಲ್ಲಿ ಇರೋಕೆ ಶುರು ಮಾಡಿದ್ರೆ ಟೀಚರಮ್ಮ ಮಹಡಿಯಿಂದ ಕೆಳಗೇ ಇಳಿಯಲ್ಲ." ಸಾಹೇಬರು ಅವನ ಭುಜ ತಟ್ಟಿದರು. ಆ ತಟ್ಟುವಿಕೆಯಲ್ಲಿ ಪ್ರೀತಿಯಿತ್ತು, ಮನೆಯಿರಲಿಲ್ಲ. "ನಿಮ್ಮಮ್ಮನ ಟೀ ಮಾತ್ರ ಬಹಳ ಚೆನ್ನಾಗಿತ್ತು. ಇದನ್ನ ಯಾರಿಗೂ ಹೇಳಬೇಡಿ."

ಒಳಗೆ ಹೋಗಿ ಅಮ್ಮನನ್ನು ಕರೆದುಕೊಂಡು ಬರುವುದೊಂದೇ ಉಳಿದದ್ದು. ನಡುಮನೆಯಲ್ಲಿ ಅಮ್ಮ ಒಂದು ಮೂಲೆಯಲ್ಲಿ ತನ್ನ ಕೆಂಪು ಚಹಾ ನೆಮ್ಮದಿಯಾಗಿ ಕುಡಿಯುತ್ತಿದ್ದಳು. ಇನ್ನೊಂದು ಮೂಲೆಯಲ್ಲಿ ಟೆಂಪೋದವನು ಅಮ್ಮ ಬಿಟ್ಟ ಬೆಣ್ಣೆಯ ಕಪ್ಪನ್ನು ಮುಗಿಸುತ್ತಿದ್ದ. ಗಾರ್ಡಮ್ಮ ಅವನನ್ನೇ ನೋಡುತ್ತಿದ್ದರು. ಅಪಾಯ ಕಳೆಯಿತೆಂದು ಟೈಲರ್ ಅಂಗಿ ಬದಲಿಸಿ ವಾಪಸು ಬಂದಿದ್ದ. ಟೀಚರಮ್ಮ ಮೆಟ್ಟಿಲ ತುದಿಯಲ್ಲಿ ನಿಂತು ಇಣುಕುತ್ತಿದ್ದರು.

"ಅಮ್ಮಾ, ನಡಿ. ಇಲ್ಲಿ ಆಗಲ್ವಂತೆ," ಎಂದ ಮಗ.

"ಆಗದಿದ್ರೆ ಬೇಡ ಬಿಡು ಮಗಾ," ಎಂದಳು ಅಮ್ಮ. "ಇವರ ಆರೋಗ್ಯಾನೂ ಸರಿಯಿಲ್ಲ ಅನ್ಸುತ್ತೆ."

ಅಮ್ಮನನ್ನು ಗೇಟಿನ ಹತ್ತಿರ ನಿಲ್ಲಿಸಿ ಅವನು ಟೆಂಪೋದವನಿಗಾಗಿ ಕಾದ. ಸುಮಾರು ಹೊತ್ತಾದ ಮೇಲೆ ಅವನು ಹೊರಗೆ ಬಂದು, ಕನ್ನಡಕದವನ ಮುಖ ನೋಡದೆ ನೇರ ಗಾಡಿಯ ಹಿಂದಕ್ಕೆ ಹೋಗಿ ಟ್ರಂಕನ್ನು ಎತ್ತಿ ಬೀದಿಯ ಬದಿಗೆ ಇಟ್ಟ. ಪಾತ್ರೆಯ ಮೂಟೆ ಇಟ್ಟ. ಹಾಸಿಗೆ ಸುರುಳಿ ಇಟ್ಟ.

"ಏನು ಮಾಡ್ತಿದ್ದೀಯಪ್ಪಾ? ಇಲ್ಲಿ ಇಳಿಸೋದಲ್ಲ. ಮನೆ ಸಿಗಲಿಲ್ಲ."

"ಗೊತ್ತು ಸಾರ್," ಎಂದ ಟೆಂಪೋದವನು ಮಂಚದ ಕಾಲು ಹಿಡಿದು. "ಬೇಜಾರ್ ಮಾಡ್ಕೋಬೇಡಿ. ಕತ್ತಲಾಗೋದ್ರೊಳಗೆ ನಮ್ಮ ಮನೆ ಸಾಮಾನು ತರಬೇಕು. ಹೆಂಡತಿ ಮಕ್ಕಳನ್ನ ಕಟ್ಕೊಂಡು ಭಾವನ ಮನೆ ಹಜಾರದಲ್ಲಿ ಬಿದ್ದಿದ್ದೀನಿ. ಅಕ್ಕ ಕೇಳಿದ್ರು, ನೀನು ಯಾವ ಕಡೆಯವನಪ್ಪಾ ಅಂತ." ಅವನು ಜೇಬಿನಿಂದ ಕರವಸ್ತ್ರ ಎಳೆದು ಬೆವರೊರೆಸಿಕೊಂಡ. ಅದರ ಜೊತೆ ಕೆಂಪು ದಾರದ ಬೀಗದ ಕೈಯೂ ಹೊರಗೆ ಬಂತು.

"ನೀನು ಬಯಲಿನವನಲ್ವೇನಯ್ಯಾ?"

"ಬೆಳಿಗ್ಗೆ ಹೌದು ಸಾರ್," ಎಂದ ಟೆಂಪೋದವನು.

ಬೆತ್ತದ ಕುರ್ಚಿಯನ್ನು ಮಾತ್ರ ಅವನು ಮರ್ಯಾದೆಯಿಂದ ಇಳಿಸಿ, ನೆರಳು ನೋಡಿ ಹಾಕಿ, ಅಜ್ಜಿಯನ್ನು ಕೂರಿಸಿದ. ಆಮೇಲೆ ಏನೋ ಹೇಳುವುದು ಮರೆತವನಂತೆ ಗೇಟಿನೊಳಗೆ ಓಡಿ, ಬಾಗಿಲಲ್ಲೇ ನಿಂತು ಒಳಗಿನವರನ್ನು ಕೇಳಿದ. ಅವನ ಧ್ವನಿ ಬೀದಿಗೆಲ್ಲ ಕೇಳಿಸಿತು.

"ಅಕ್ಕಾ, ಆವಾಗಲೇ ಕೇಳಬೇಕು ಅಂದ್ಕೊಂಡೆ. ನೀವು ಟೀಗೆ ಬೆಳ್ಳುಳ್ಳಿ ಹಾಕಲ್ವಾ? ನಮ್ಮೂರಲ್ಲಿ ಬೆಳ್ಳುಳ್ಳಿ ಇಲ್ಲದೆ ಟೀನೇ ಇಲ್ಲ."

ಒಳಗಿನಿಂದ ಗಾರ್ಡ್ ಸಾಹೇಬರ ಧ್ವನಿ ಬಂತು, ಬಹಳ ದೂರದಿಂದ ಬಂದ ಹಾಗೆ. "ಹಾಕಬೇಕು, ಹಾಕಬೇಕು. ಈ ಊರಿಗೆ ಬಂದು ಎಲ್ಲ ಮರೆತುಬಿಟ್ಟಿದ್ದೀವಿ."

"ನಮ್ಮಜ್ಜಿ ಜಜ್ಜಿ ಹಾಕ್ತಿದ್ರು," ಎಂದ ಟೈಲರ್.

"ನಮ್ಮಲ್ಲಿ ಸಿಪ್ಪೆ ಸಮೇತ," ಎಂದರು ಟೀಚರಮ್ಮ ಮೆಟ್ಟಿಲ ಮೇಲಿನಿಂದ.

ಟೆಂಪೋ ಹೊಗೆ ಬಿಟ್ಟು ಹೊರಟುಹೋಯಿತು. ಕನ್ನಡಕದವನು ಟ್ರಂಕಿನ ಮೇಲೆ ಕೂತ. ಗಾರ್ಡಮ್ಮನ ಅಡುಗೆಮನೆಯ ಕಿಟಕಿಯಿಂದ ಏನನ್ನೋ ಜಜ್ಜುವ ಸದ್ದು ಬಂತು, ಹಿಂದೆಯೇ ಘಾಟು ಬೀದಿಗೆ ಹರಡಿತು. ಅಮ್ಮ ಮೂಗಿಗೆ ಸೆರಗು ಹಿಡಿದಳು.

"ಇದೇನು ಮಗಾ ವಾಸನೆ?"

"ಟೀ ಅಮ್ಮಾ," ಎಂದ ಮಗ. "ನಮ್ಮ ಕಡೇದು."